ತಲೆಕೆಳಗಾಗಿ ನಿಂತ ಸೈಕಲ್ಲು

ಸೈಕಲ್ಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಅರವತ್ತೆಂಟನೆಯ ವಯಸ್ಸಿನ ತನಕ ನಂಬಿಕೊಂಡಿದ್ದವನು ನಾನು. ನಂಬಿಕೆಗೆ ಕಾರಣವೂ ಇತ್ತು. ತೀರ್ಥಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷ ಅಂಚೆ ಹಂಚಿದವನು. ಕಾಗದದ ಚೀಲ, ಮನಿಯಾರ್ಡರಿನ ದುಡ್ಡು, ಕೊಡೆ, ಒಂದು ಪಂಪು, ಇಷ್ಟನ್ನೂ ನನ್ನನ್ನೂ ಹೊತ್ತು ಆ ಕರಿ ಸೈಕಲ್ಲು ಏರು ಇಳಿಜಾರುಗಳಲ್ಲಿ ತಿರುಗಿತು. ಏರಿನಲ್ಲಿ ನಾನೇ ಅದನ್ನು ತಳ್ಳುತ್ತಿದ್ದೆ ಅನ್ನುವುದು ಬೇರೆ ಮಾತು.

ಅದಕ್ಕಿದ್ದದ್ದು ರಾಡ್ ಬ್ರೇಕು. ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಹ್ಯಾಂಡಲ್ಲಿನ ಕೆಳಗೆ ಉದ್ದದ ಕಬ್ಬಿಣದ ಕಡ್ಡಿಗಳು. ಹಿಡಿಯನ್ನು ಒತ್ತಿದರೆ ಕಡ್ಡಿ ಮೇಲಕ್ಕೆದ್ದು, ಅದರ ತುದಿಯ ಎರಡು ರಬ್ಬರು ತುಂಡುಗಳು ರಿಮ್ಮಿನ ಒಳಮೈಗೆ ತಾಗುತ್ತಿದ್ದವು. ಬೇಸಿಗೆಯಲ್ಲಿ ಪರವಾಗಿಲ್ಲ. ಮಳೆಗಾಲದಲ್ಲಿ ಮಾತ್ರ ಅದು ಇದ್ದೂ ಇಲ್ಲದ ಹಾಗೆ. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ರಬ್ಬರು ಸಾಬೂನಿನಂತೆ ಜಾರುತ್ತಿತ್ತು. ಆಗುಂಬೆ ಕಡೆಯ ಮಳೆಯಲ್ಲಿ ನಾವೆಲ್ಲ ನೆಚ್ಚಿಕೊಂಡಿದ್ದು ಚಪ್ಪಲಿ ಬ್ರೇಕನ್ನು. ಎರಡೂ ಕಾಲು ನೆಲಕ್ಕೆ ಊರಿ ಉಜ್ಜಿಕೊಂಡು ಹೋಗುವುದು. ವರ್ಷಕ್ಕೆ ಎರಡು ಜೊತೆ ಹವಾಯಿ ಚಪ್ಪಲಿ ಅದಕ್ಕೇ ಸವೆಯುತ್ತಿದ್ದವು.

ಆದರೆ ಆ ಬ್ರೇಕಿಗೆ ಒಂದು ಗುಣವಿತ್ತು. ತನ್ನ ಕಾಯಿಲೆಯನ್ನು ಅದು ಮುಚ್ಚಿಡುತ್ತಿರಲಿಲ್ಲ. ರಬ್ಬರು ಸವೆದದ್ದು ಕಣ್ಣಿಗೆ ಕಾಣುತ್ತಿತ್ತು. ಕಡ್ಡಿ ಸಡಿಲವಾದರೆ ಗಡಗಡ ಎನ್ನುತ್ತಿತ್ತು. ಹಿಡಿ ದಿನಕ್ಕಿಷ್ಟು ಎಂದು ಒಳಗೆ ಹೋಗುತ್ತಿತ್ತು. ಇವತ್ತು ರಿಪೇರಿ ಮಾಡು, ಇಲ್ಲದಿದ್ದರೆ ನಾಳೆ ನನ್ನನ್ನು ನಂಬಬೇಡ ಎಂದು ತಿಂಗಳು ಮೊದಲೇ ಹೇಳುತ್ತಿತ್ತು.

ಕಳೆದ ಬೇಸಿಗೆ ರಜೆಗೆ ಮೊಮ್ಮಗಳು ಪುಟ್ಟಿ ಬೆಂಗಳೂರಿನಿಂದ ಬರುವಾಗ ತನ್ನ ಸೈಕಲ್ಲನ್ನೂ ತಂದಳು. ಅವಳಪ್ಪ ಯಾರೋ ಸ್ನೇಹಿತರಿಂದ ಕೊಂಡ ಸೆಕೆಂಡ್‌ ಹ್ಯಾಂಡ್ ಸೈಕಲ್ಲು. ಗುಡ್ಡಗಾಡಿನಲ್ಲಿ ಹೊಡೆಯುವಂಥದು, ಮೌಂಟನ್ ಬೈಕು. ಟೈರು ನನ್ನ ಮುಂಗೈ ದಪ್ಪ. ಚಕ್ರದ ನಡುವೆ ಚಿಕ್ಕ ಊಟದ ತಟ್ಟೆಯಷ್ಟು ಅಗಲದ, ತೂತುತೂತಾದ ಉಕ್ಕಿನ ತಟ್ಟೆ. ಅದೇ ಡಿಸ್ಕಂತೆ. ಬ್ರೇಕಿನ ಹಿಡಿಯಿಂದ ಕೆಳಗೆ ಹೋದದ್ದು ತಂತಿಯೂ ಅಲ್ಲ, ಕಡ್ಡಿಯೂ ಅಲ್ಲ, ಕಪ್ಪನೆಯ ಸಣ್ಣ ಪೈಪು.

“ಒಳಗೆ ಎಣ್ಣೆ ಇರುತ್ತೆ ಅಜ್ಜಾ. ಒಂದು ಬೆರಳು ಸಾಕು, ಒತ್ತಿ ನೋಡು,” ಎಂದಳು.

ಅಂಗಳದಲ್ಲಿ ಒಂದು ಸುತ್ತು ಹೊಡೆದು ಒಂದು ಬೆರಳಲ್ಲಿ ಒತ್ತಿದೆ. ಸೈಕಲ್ಲು ನಿಂತಿತು, ನಾನು ಮಾತ್ರ ಇನ್ನೊಂದು ಗೇಣು ಮುಂದೆ ಹೋಗಿ ಹ್ಯಾಂಡಲ್ಲಿಗೆ ಎದೆ ತಾಗಿಸಿಕೊಂಡು ನಿಂತೆ. ನನ್ನ ಹೆಂಡತಿ ಜಗಲಿಯಿಂದ “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ” ಎಂದಳು. ಬೇಕಿತ್ತು. ಇಂಥದ್ದೊಂದು ಬ್ರೇಕು ನನಗೆ ಇಪ್ಪತ್ತೈದರ ವಯಸ್ಸಿನಲ್ಲಿ ಸಿಕ್ಕಿದ್ದರೆ ಎಷ್ಟೊಂದು ಚಪ್ಪಲಿ ಉಳಿಯುತ್ತಿತ್ತು!

ಮೂರನೆಯ ದಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪುಟ್ಟಿ ಎಣ್ಣೆ ಹಚ್ಚಿಕೊಂಡು ಹಂಡೆ ನೀರಿನ ಸ್ನಾನಕ್ಕೆ ಹೋಗಿದ್ದಳು. ಅವಳು ಬರುವುದರೊಳಗೆ ಮುಗಿಸಿ ಬೆರಗುಗೊಳಿಸೋಣ ಎಂದು ನಾನು ಹಳೆಯ ಡಬ್ಬಿ ತೆಗೆದೆ. ಪ್ಯಾಚು, ಸೊಲ್ಯೂಷನ್, ಉಜ್ಜುವ ಕಾಗದ ಎಲ್ಲ ಇತ್ತು. ಪಂಕ್ಚರ್ ಹಾಕುವವನು ಮೊದಲು ಮಾಡುವ ಕೆಲಸವೇನು? ಸೈಕಲ್ಲನ್ನು ಎತ್ತಿ ಮಗುಚಿ, ಸೀಟು ಮತ್ತು ಹ್ಯಾಂಡಲ್ಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸುವುದು. ನಮ್ಮಪ್ಪನೂ ಹಾಗೇ ಮಾಡುತ್ತಿದ್ದರು, ನಾನೂ ಹಾಗೇ ಮಾಡಿದೆ. ಚಕ್ರ ಬಿಚ್ಚದೆ ಒಂದು ಬದಿಯಿಂದ ಟ್ಯೂಬು ಎಳೆದು ಪ್ಯಾಚು ಹಾಕಿದೆ. ಆಮೇಲೆ ಪೆಡಲು ತಿರುಗಿಸಿ ಚಕ್ರ ನೆಟ್ಟಗಿದೆಯೇ ನೋಡಿದೆ. ಚಕ್ರ ನಿಲ್ಲಿಸಲು ಬ್ರೇಕು ಒತ್ತಿದೆ. ಮುಂದಿನ ಚಕ್ರವನ್ನೂ ತಿರುಗಿಸಿದೆ, ಅದನ್ನೂ ಒತ್ತಿ ನಿಲ್ಲಿಸಿದೆ. ಸುಮ್ಮನೆ ಮತ್ತೆ ನಾಲ್ಕು ಸಲ ಒತ್ತಿದೆ. ಆಟದ ಸಾಮಾನು ಸಿಕ್ಕಿದ ಮಕ್ಕಳ ಹಾಗೆ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಚೈನಿಗೆ ಎಣ್ಣೆ ಬಿಟ್ಟೆ, ಒರೆಸಿದೆ. ಕೈಯಲ್ಲಿ ಎಣ್ಣೆ ಬಟ್ಟೆ ಇತ್ತು. ಎದುರಿಗೆ ಆ ಹೊಳೆಯುವ ತಟ್ಟೆ. ನಮ್ಮೂರ ಹವೆಯಲ್ಲಿ ಉಕ್ಕಿಗೆ ತುಕ್ಕು ಹಿಡಿಯಲು ಎರಡು ದಿನ ಸಾಕು. ಮಗುವಿನ ಸೈಕಲ್ಲು ಚೆನ್ನಾಗಿರಲಿ ಎಂದು ಹಿಂದಿನ ಚಕ್ರದ ತಟ್ಟೆಗೆ ಎರಡೂ ಕಡೆ ಎಣ್ಣೆ ಬಟ್ಟೆ ಸವರಿದೆ. ಪ್ರೀತಿಯಿಂದಲೇ ಸವರಿದೆ.

ಸೈಕಲ್ಲು ನೆಟ್ಟಗೆ ಮಾಡಿ ಜಗಲಿಗೆ ಒರಗಿಸಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ. ಪುಟ್ಟಿ ತಲೆ ಒರೆಸಿಕೊಂಡು ಬಂದವಳು ಪಂಕ್ಚರ್ ಆದ ಚಕ್ರ ಗಟ್ಟಿಯಾಗಿರುವುದನ್ನು ಕಂಡು “ಥ್ಯಾಂಕ್ಸ್ ಅಜ್ಜಾ!” ಎಂದು ಕೂಗಿ ಹತ್ತಿಯೇಬಿಟ್ಟಳು. ನಮ್ಮ ಮನೆಯ ಉಣುಗೋಲು ದಾಟಿದರೆ ಇಳಿಜಾರು. ಮಣ್ಣಿನ ದಾರಿ, ಒಂದು ಕಡೆ ಧರೆ, ಇನ್ನೊಂದು ಕಡೆ ಅಡಿಕೆ ತೋಟ. ಕೆಳಗೆ ಹೋಗಿ ಅದು ಸೇರುವುದು ಬಸ್ಸು ಓಡಾಡುವ ಟಾರು ರಸ್ತೆಯನ್ನು.

ಮೊದಲು ಕೇಳಿದ್ದು ಹಂದಿ ಕಿರುಚಿದಂಥ ಶಬ್ದ. ಅದು ಎಣ್ಣೆ ಹತ್ತಿದ ಹಿಂದಿನ ಬ್ರೇಕು ಎಂದು ಆಗ ಗೊತ್ತಾಗಲಿಲ್ಲ. ಆಮೇಲೆ ಅವಳ ದನಿ. “ಅಜ್ಜಾ, ಬ್ರೇಕ್ ಹಿಡೀತಾನೇ ಇಲ್ಲ!” ನಾನು ಲೋಟ ಬಿಟ್ಟು ಓಡಿದೆ. ಓಡಿ ಏನು ಮಾಡುವುದಿತ್ತೋ ಗೊತ್ತಿಲ್ಲ. ಉಣುಗೋಲಿನ ಹತ್ತಿರ ನಿಂತು ನೋಡುವಾಗ ಅವಳು ಅರ್ಧ ಇಳಿಜಾರು ದಾಟಿದ್ದಳು. ಕೊಟ್ಟಿಗೆಗೆಂದು ಕೂಡಿಹಾಕಿದ್ದ ದರಗಿನ ರಾಶಿ ಒಂದು ದಾರಿಯ ಬದಿಗಿತ್ತು. ಬುದ್ಧಿವಂತೆ, ಹ್ಯಾಂಡಲ್ಲು ತಿರುಗಿಸಿ ಅದರೊಳಗೆ ನುಗ್ಗಿದಳು. ಸೈಕಲ್ಲು ಮುಳುಗಿತು, ಹುಡುಗಿಯೂ ಮುಳುಗಿದಳು. ಎರಡು ಗಳಿಗೆ ಏನೂ ಕಾಣಲಿಲ್ಲ. ಆಮೇಲೆ ತಲೆ ತುಂಬ ಒಣ ಎಲೆ ಸಿಕ್ಕಿಸಿಕೊಂಡು ಎದ್ದು ಕೂತಳು. ಮೊಣಕೈ ತರಚಿತ್ತು, ಅಷ್ಟೇ. ಕೆಳಗಿನ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದುಕೊಂಡು ಹೋದದ್ದು ನಮಗಿಬ್ಬರಿಗೂ ಕೇಳಿಸಿತು. ಅದರ ಬಗ್ಗೆ ಇಬ್ಬರೂ ಮಾತಾಡಲಿಲ್ಲ.

ಸೈಕಲ್ಲು ಎತ್ತಿ ಮುಂದಿನ ಬ್ರೇಕು ಒತ್ತಿ ನೋಡಿದೆ. ಹಿಡಿ ಬೆಣ್ಣೆಯಂತೆ ಹ್ಯಾಂಡಲ್ಲಿನ ತನಕ ಹೋಯಿತು. ನಿನ್ನೆ ಕಲ್ಲಿನಂತಿದ್ದ ಬ್ರೇಕು! ಮಗನಿಗೆ ಫೋನು ಮಾಡಿ, ಇಂಥ ದಗಾಕೋರ ಸಾಮಾನು ಮಗುವಿಗೆ ಕೊಡಿಸುತ್ತಾರೇನೋ ಎಂದು ಚೆನ್ನಾಗಿ ಬೈದೆ. ಅವನು ಪಾಪ ಕೇಳಿಸಿಕೊಂಡ.

ಎರಡು ದಿನ ಬಿಟ್ಟು ಪಕ್ಕದ ಮನೆಯವರ ಪಿಕಪ್ಪು ಅಡಿಕೆ ಹಾಕಿಕೊಂಡು ಶಿವಮೊಗ್ಗ ಮಂಡಿಗೆ ಹೊರಟಿತ್ತು. ಸೈಕಲ್ಲನ್ನು ಮೂಟೆಗಳ ಮೇಲೆ ಕಟ್ಟಿ ನಾವಿಬ್ಬರೂ ಹೋದೆವು. ಇಂಥ ಸೈಕಲ್ಲು ರಿಪೇರಿ ಮಾಡುವ ಅಂಗಡಿಯಲ್ಲಿ ಒಬ್ಬ ಹುಡುಗ ಇದ್ದ. ಮುಂದಿನ ಹಿಡಿ ಎರಡು ಸಲ ಒತ್ತಿದ. ಹಿಂದಿನ ಬ್ರೇಕಿನ ಪ್ಯಾಡು ತೆಗೆದು ಮೂಗಿಗೆ ಹಿಡಿದ. ಆಮೇಲೆ ನನ್ನ ಮುಖ ನೋಡಿದ.

“ಯಜಮಾನ್ರೇ, ಸೈಕಲ್ ಉಲ್ಟಾ ನಿಲ್ಸಿದ್ರಾ ಯಾರಾದ್ರೂ? ಡಿಸ್ಕಿಗೆ ಎಣ್ಣೆನೂ ಹಚ್ಚಿದಾರೆ.”

ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. “ಗೊತ್ತಿಲ್ಲಪ್ಪ,” ಎಂದೆ.

“ಬೆಂಗಳೂರಲ್ಲಿ ಸರ್ವೀಸ್ ಮಾಡಿದವರೇ ಹಚ್ಚಿರ್ಬೇಕು. ಅಪ್ಪಂಗೆ ಹೇಳ್ತೀನಿ, ಹೋಗಿ ಕೇಳ್ಲಿ,” ಎಂದಳು ಪುಟ್ಟಿ. ನಾನು ಕ್ಯಾಲೆಂಡರನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದೆ.

ಆ ಹುಡುಗ ಒಳ್ಳೆಯ ಮೇಷ್ಟ್ರಾಗಬಹುದಿತ್ತು. ಸೂಜಿ ಇಲ್ಲದ ಎರಡು ಸಿರಿಂಜು ತಂದ, ಒಂದು ಸಣ್ಣದು, ಒಂದು ದೊಡ್ಡದು. ನಡುವೆ ಒಂದು ಪ್ಲಾಸ್ಟಿಕ್ ನಳಿಗೆ. ಒಳಗೆಲ್ಲ ನೀರು ತುಂಬಿಸಿ ಸಣ್ಣದನ್ನು ಒತ್ತಲು ಪುಟ್ಟಿಗೆ ಹೇಳಿದ, ದೊಡ್ಡದನ್ನು ತಡೆಯಲು ನನಗೆ. ಅವಳ ಒಂದು ಬೆರಳನ್ನು ನನ್ನ ಹೆಬ್ಬೆರಳು ತಡೆಯಲಾರದೆ ಹೋಯಿತು. “ಪ್ಯಾಸ್ಕಲ್ ನಿಯಮ! ನಮಗೆ ಪಾಠ ಇದೆ,” ಎಂದಳು. ಸಣ್ಣ ಸಿರಿಂಜು ಹ್ಯಾಂಡಲ್ಲಿನ ಹಿಡಿಯಲ್ಲಿದೆ, ದೊಡ್ಡದು ಚಕ್ರದ ಹತ್ತಿರ ಕ್ಯಾಲಿಪರಿನಲ್ಲಿದೆ, ಅಲ್ಲಿ ಎರಡು ಪ್ಯಾಡುಗಳು ಡಿಸ್ಕನ್ನು ಇಕ್ಕಳದಂತೆ ಹಿಡಿಯುತ್ತವೆ. ಅಷ್ಟೇ ಬ್ರೇಕು. ಆಮೇಲೆ ಹುಡುಗ ನಳಿಗೆ ಬಿಚ್ಚಿ ಒಂದು ಗುಳ್ಳೆ ಗಾಳಿ ಒಳಗೆ ಬಿಟ್ಟು ಜೋಡಿಸಿದ. ಈಗ ಅವಳು ಒತ್ತಿದರೆ ಮೊದಲು ಗುಳ್ಳೆ ಕುಗ್ಗುತ್ತಿತ್ತು, ನನ್ನ ಹೆಬ್ಬೆರಳಿಗೆ ಏನೂ ಬರುತ್ತಿರಲಿಲ್ಲ. ಎಣ್ಣೆಯನ್ನು ಹಿಂಡಿ ಚಿಕ್ಕದು ಮಾಡಲು ಆಗುವುದಿಲ್ಲ, ಗಾಳಿಯನ್ನು ಮಾಡಬಹುದು. ಮಕ್ಕಳೇ, ಮೆಡಿಕಲ್ ಸ್ಟೋರಿನಲ್ಲಿ ಸಿರಿಂಜು ಸಿಗುತ್ತದೆ; ಸೂಜಿ ಬೇಡ ಎಂದು ಹೇಳಿ, ಮನೆಯಲ್ಲಿ ಮಾಡಿ ನೋಡಿ. ಅಜ್ಜಿಯ ಹೆಬ್ಬೆರಳನ್ನು ಕೇಳಿ ಪಡೆಯಿರಿ.

ಗಾಳಿ ಎಲ್ಲಿಂದ ಬಂತು? ಹಿಡಿಯ ಹತ್ತಿರ ಎಣ್ಣೆ ಕೂಡಿಡುವ ಪುಟ್ಟ ತೊಟ್ಟಿ ಇರುತ್ತದೆ. ಅದು ಭರ್ತಿಯಾಗಿದ್ದರೆ, ಮೇಲಿನ ರಬ್ಬರು ಹಾಳೆ ಸರಿಯಿದ್ದರೆ, ಸೈಕಲ್ಲನ್ನು ಹೇಗೆ ಮಗುಚಿದರೂ ಏನೂ ಆಗುವುದಿಲ್ಲ. ಆದರೆ ಹಿಂದೆ ಯಾರೋ ಮುಂದಿನ ಪೈಪನ್ನು ಕತ್ತರಿಸಿ ಗಿಡ್ಡ ಮಾಡಿದ್ದರಂತೆ. ಆಮೇಲೆ ಎಣ್ಣೆ ಸರಿಯಾಗಿ ತುಂಬಿಸಿರಲಿಲ್ಲ. ತೊಟ್ಟಿಯ ಮೇಲ್ಭಾಗದಲ್ಲಿ ಒಂದು ಗುಳ್ಳೆ ಗಾಳಿ ಸದ್ದಿಲ್ಲದೆ ಕೂತಿತ್ತು. ಸೈಕಲ್ಲು ನೆಟ್ಟಗಿರುವ ತನಕ ಅದರಿಂದ ತೊಂದರೆಯಿಲ್ಲ, ಏಕೆಂದರೆ ಗಾಳಿ ಮೇಲೇ ಇರುತ್ತದೆ, ಎಣ್ಣೆ ಹೋಗುವ ತೂತು ಕೆಳಗಿದೆ. ತಲೆಕೆಳಗಾದರೆ ತೂತೇ ಮೇಲಾಗುತ್ತದೆ. ಗುಳ್ಳೆ ಅದರೊಳಗೆ ಏರುತ್ತದೆ. ಆಗ ಯಾವನಾದರೂ ಹಿಡಿಯನ್ನು ಆಟಕ್ಕೆಂದು ನಾಲ್ಕಾರು ಸಲ ಒತ್ತಿದರೆ ಪೈಪಿನೊಳಕ್ಕೇ ಹೋಗುತ್ತದೆ. ಹುಡುಗ “ಯಾವನಾದರೂ” ಎಂದಾಗ ನನ್ನ ಕಿವಿ ಬಿಸಿಯಾಯಿತು.

ಹಿಂದಿನ ಚಕ್ರದ ಪ್ಯಾಡಿನ ಕತೆ ಬೇರೆ. ಅದು ಎಣ್ಣೆಯನ್ನು ಕುಡಿಯುತ್ತದೆ. ಡಿಸ್ಕನ್ನು ಸ್ಪಿರಿಟ್ಟಿನಿಂದ ಒರೆಸಿ ಶುದ್ಧ ಮಾಡಬಹುದು, ಎಣ್ಣೆ ಕುಡಿದ ಪ್ಯಾಡನ್ನು ಎಸೆಯುವುದೇ ಸರಿ ಎಂದ. ಒಳಗೆ ಅಷ್ಟು ಎಣ್ಣೆ ಬೇಕು, ಒಂದು ಬೆರಳು ಆಚೆಗೆ ಹನಿ ಎಣ್ಣೆಯೂ ಬೇಡ! ಎಂಥ ಮಡಿವಂತ ಬ್ರೇಕಪ್ಪ ಎನಿಸಿತು.

ಇದ್ದ ಎಣ್ಣೆ ಕಡಿಮೆಯಾಗಿದ್ದರೆ ನಮ್ಮ ಸ್ಕೂಟರಿನ ಬ್ರೇಕ್ ಆಯಿಲ್ ಹಾಕಬಹುದಿತ್ತಲ್ಲ ಎಂದೆ, ನನಗೂ ಸ್ವಲ್ಪ ಗೊತ್ತು ಎಂದು ತೋರಿಸಿಕೊಳ್ಳಲು. ಹುಡುಗ ಹೌಹಾರಿದ. ಸೈಕಲ್ಲಿನಲ್ಲಿ ಎರಡು ಜಾತಿಯ ಎಣ್ಣೆ ಇವೆ. ಕೆಲವು ಕಂಪನಿಯವರು ಸ್ಕೂಟರು ಕಾರಿನ ಹಾಗೆ ಡಾಟ್ ಎಂಬ ಎಣ್ಣೆ ಬಳಸುತ್ತಾರೆ, ಕೆಲವರು ಮಿನರಲ್ ಆಯಿಲ್. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಒಳಗಿನ ರಬ್ಬರು ಸೀಲು ಹಾಳಾಗುತ್ತದೆ. ಎರಡಕ್ಕೂ ಒಂದೊಂದು ಐಬು. ಡಾಟ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬುದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು ಎಂದು ನಿಯಮ. ನೀರು ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಘಾಟಿ ಇಳಿಯುತ್ತ ಬ್ರೇಕು ಹಿಡಿದೇ ಇದ್ದರೆ ಡಿಸ್ಕು ಕಾವಲಿಯಂತೆ ಕಾಯುತ್ತದೆ. ಒಳಗಿನ ಎಣ್ಣೆ ಕುದ್ದರೆ ಆವಿ, ಆವಿ ಎಂದರೆ ಮತ್ತೆ ಅದೇ ಗುಳ್ಳೆ. ಮಿನರಲ್ ಆಯಿಲ್ ನೀರು ಹೀರುವುದಿಲ್ಲ, ಒಳ್ಳೆಯದೇ. ಆದರೆ ಹೇಗೋ ಒಳಗೆ ಸೇರಿದ ನೀರು ಅದರಲ್ಲಿ ಬೆರೆಯದೆ ತಳಕ್ಕಿಳಿದು, ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುವ ಕ್ಯಾಲಿಪರಿನಲ್ಲೇ ಕೂರುತ್ತದೆ. ನೀರು ಕುದಿಯಲು 100 ಡಿಗ್ರಿ ಸಾಕು. ಮಳೆಸೀಮೆಯ ನಮಗೆ ಇದು ಸಣ್ಣ ಮಾತಲ್ಲ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ವಿಷಯ. ಪ್ಯಾಡು ಸವೆದರೆ ಗೊತ್ತಾಗುವುದು ಹೇಗೆ ಎಂದು ಕೇಳಿದೆ. “ಹಿಡಿಯಲ್ಲಿ ಗೊತ್ತಾಗಲ್ಲ. ಅದೇ ಇದರ ಜಾಣತನ,” ಎಂದ. ಕ್ಯಾಲಿಪರಿನ ಪಿಸ್ಟನ್ನಿನ ಸುತ್ತ ಚೌಕ ಅಂಚಿನ ರಬ್ಬರು ಬಳೆ ಇದೆ. ಬ್ರೇಕು ಒತ್ತಿದಾಗ ಅದು ತಿರುಚಿಕೊಳ್ಳುತ್ತದೆ, ಬಿಟ್ಟಾಗ ಮೊದಲಿನಂತಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಪ್ಯಾಡು ಸವೆದಂತೆಲ್ಲ ಪಿಸ್ಟನ್ನು ಆ ಬಳೆಯೊಳಗೆ ಜಾರಿ ತಾನಾಗಿ ಮುಂದೆ ಬರುತ್ತದೆ. ಆದ್ದರಿಂದ ಹಿಡಿ ಹೊಸದರಂತೆಯೇ ಗಟ್ಟಿಯಾಗಿರುತ್ತದೆ. ಪ್ಯಾಡಿನಲ್ಲಿ ಅರ್ಧ ಮಿಲಿಮೀಟರು ಉಳಿದಾಗ ಬದಲಾಯಿಸಬೇಕು ಎನ್ನುತ್ತಾರೆ, ಆಗಲೂ ಬೆರಳಿಗೆ ಏನೂ ತಿಳಿಯುವುದಿಲ್ಲ. ಬಗ್ಗಿ, ಟಾರ್ಚು ಹಿಡಿದು, ಇಕ್ಕಳದ ಸಂದಿಯಲ್ಲಿ ಇಣುಕಿದರೆ ಮಾತ್ರ ಕಾಣುತ್ತದೆ. ಡಿಸ್ಕೂ ಅಷ್ಟೇ. ಹೊಸದು 1.8 ಮಿಲಿಮೀಟರು ದಪ್ಪವಿದ್ದರೆ 1.5ಕ್ಕೆ ಬಂದಾಗ ಅದರ ಆಯಸ್ಸು ಮುಗಿಯಿತು. ಈ ವ್ಯತ್ಯಾಸ ನನ್ನಂಥವನ ಕಣ್ಣಿಗೆ ಎಲ್ಲಿ ಕಾಣಬೇಕು? ಈ ಬ್ರೇಕು ಕೊನೆಯ ದಿನದ ತನಕ ‘ಚೆನ್ನಾಗಿದ್ದೇನೆ’ ಎನ್ನುತ್ತದೆ. ನಮ್ಮ ಕೆಲವು ನೆಂಟರ ಹಾಗೆ.

ಇನ್ನೊಂದು ಬುದ್ಧಿಯನ್ನೂ ಹೇಳಿದ. ಚಕ್ರ ಬಿಚ್ಚಿಟ್ಟಿರುವಾಗ ಬ್ರೇಕು ಒತ್ತಲೇಬಾರದು. ನಡುವೆ ಡಿಸ್ಕು ಇಲ್ಲದ್ದರಿಂದ ಎರಡು ಪ್ಯಾಡೂ ಒಂದಕ್ಕೊಂದು ಅಂಟಿಕೊಂಡು ಕೂರುತ್ತವೆ, ಚಕ್ರ ಮತ್ತೆ ಒಳಗೆ ಹೋಗುವುದಿಲ್ಲ. ಅದಕ್ಕೆಂದೇ ಒಂದು ಪ್ಲಾಸ್ಟಿಕ್ ತುಂಡು ಕೊಟ್ಟಿರುತ್ತಾರಂತೆ, ನಡುವೆ ಸಿಕ್ಕಿಸಿಡಲು. ನಮಗೆ ಅದು ಬಂದಿರಲಿಲ್ಲ. ಹುಡುಗ ತನ್ನ ಡ್ರಾಯರಿನಿಂದ ಒಂದು ಕೊಟ್ಟ.

ಅವನು ಹಿಡಿಯ ಹತ್ತಿರ ಪುಟ್ಟ ಲಾಳಿಕೆ ಸಿಕ್ಕಿಸಿ, ಕೆಳಗಿನಿಂದ ಸಿರಿಂಜಿನಲ್ಲಿ ಹೊಸ ಎಣ್ಣೆ ಏರಿಸಿದ. ಲಾಳಿಕೆಯಲ್ಲಿ ಗುಳ್ಳೆಗಳು ಒಂದೊಂದಾಗಿ ಎದ್ದು ಒಡೆದವು. ಪುಟ್ಟಿ ಎಣಿಸಿದಳು. ಹದಿನೇಳು. ಕಡಲೆಕಾಳಿನಷ್ಟಿದ್ದದ್ದು ಒಂದೇ, ಉಳಿದವು ಸಾಸಿವೆ.

ಆಮೇಲೆ ಮೊಬೈಲಿನಲ್ಲಿ ಹುಡುಕಿ ಪುಟ್ಟಿ ನನಗೆ ಓದಿ ಹೇಳಿದ ಸಂಗತಿಗಳೂ ಇವೆ. ದೊಡ್ಡ ಎಂಜಿನಿಯರುಗಳೂ ಎಡವಿದ್ದಾರೆ ಎಂದು ತಿಳಿದು ನನಗೆ ಕೊಂಚ ಸಮಾಧಾನವಾಯಿತು. 2013ರಲ್ಲಿ ಸ್ರಾಮ್ ಎಂಬ ಅಮೆರಿಕದ ಕಂಪನಿ ರಸ್ತೆ ಸೈಕಲ್ಲಿಗೆಂದು ಮಾಡಿದ ಎಣ್ಣೆ ಬ್ರೇಕುಗಳನ್ನು ವಾಪಸು ಕರೆಸಿಕೊಂಡಿತು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಒಳಗಿನ ಸೀಲುಗಳು ಒತ್ತಡ ತಡೆದುಕೊಳ್ಳುತ್ತಿರಲಿಲ್ಲ. ಅದೇ ವರ್ಷಗಳ ಇನ್ನೊಂದು ಕತೆ ಎಣ್ಣೆಯದ್ದಲ್ಲ, ಚಕ್ರದ್ದು. ಡಿಸ್ಕು ಹಿಡಿಯುವ ಇಕ್ಕಳ ಮುಂದಿನ ಫೋರ್ಕಿನ ಹಿಂಬದಿಗಿರುತ್ತದೆ. ಜೋರಾಗಿ ಬ್ರೇಕು ಹಾಕಿದಾಗ ಅಚ್ಚನ್ನು ಫೋರ್ಕಿನ ತೆರೆದ ಬಾಯಿಂದ ಕೆಳಕ್ಕೆ ತಳ್ಳುವ ಬಲ ಹುಟ್ಟುತ್ತದೆ ಎಂದು ಜೇಮ್ಸ್ ಆನನ್ ಎಂಬ ವಿಜ್ಞಾನಿ 2003ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಈಗ ಒಳ್ಳೆಯ ಮೌಂಟನ್ ಬೈಕುಗಳಲ್ಲಿ ಫೋರ್ಕಿನ ಬಾಯಿ ತೆರೆದಿರುವುದಿಲ್ಲ. ದಪ್ಪ ಅಚ್ಚು ತೂತಿನೊಳಗೆ ತೂರಿ ಆಚೆ ಬದಿಯಲ್ಲಿ ತಿರುಪಿಗೆ ಸೇರುತ್ತದೆ. 2015ರಲ್ಲಿ ಟ್ರೆಕ್ ಕಂಪನಿ ಅಮೆರಿಕ, ಕೆನಡಾಗಳಲ್ಲಿ 10 ಲಕ್ಷದ ಹತ್ತಿರ ಸೈಕಲ್ಲುಗಳನ್ನು ರಿಪೇರಿಗೆ ಕರೆಯಿತು. ಚಕ್ರ ಬಿಗಿಯುವ ಲಿವರು ಸರಿಯಾಗಿ ಮುಚ್ಚದೆ ತೀರಾ ಹಿಂದಕ್ಕೆ ಬಾಗಿದರೆ ಮುಂದಿನ ಡಿಸ್ಕಿಗೆ ಸಿಕ್ಕಿಬೀಳುವ ಅಪಾಯವಿತ್ತು. ಒಂದು ಬೆರಳುದ್ದದ ಲಿವರು ನೋಡಿ.

ಹಾಗಾದರೆ ತಪ್ಪು ಯಾರದು? ನನ್ನ ಲೆಕ್ಕದಲ್ಲಿ ಎಣ್ಣೆ ಸರಿಯಾಗಿ ತುಂಬದವನದು ಒಂದು ಪಾಲು. ಇಡೀ ಲೋಕ ಸೈಕಲ್ಲನ್ನು ಮಗುಚಿಯೇ ರಿಪೇರಿ ಮಾಡುತ್ತದೆ ಎಂದು ಗೊತ್ತಿದ್ದೂ, ಒಂದು ಗುಳ್ಳೆಗೆ ಸೋಲುವ ಬ್ರೇಕು ಮಾಡಿದವರದು ಇನ್ನೊಂದು ಪಾಲು. ಉಳಿದದ್ದು ನನ್ನದು. ಎಷ್ಟು ಉಳಿಯಿತು ಎಂದು ಹೇಳಲಾರೆ, ಆದರೆ ಹಿಂದಿನ ಡಿಸ್ಕಿನ ಎಣ್ಣೆಯಂತೂ ಪೂರ್ತಿ ನನ್ನದೇ.

ವಾಪಸು ಬರುವಾಗ ಪಿಕಪ್ಪಿನ ಹಿಂದೆ ಖಾಲಿ ಚೀಲಗಳ ಮೇಲೆ ಕೂತಿದ್ದೆವು. ಮಂಡಗದ್ದೆ ದಾಟುವ ತನಕ ತಡೆದುಕೊಂಡೆ. ಆಮೇಲೆ ಹೇಳಿಬಿಟ್ಟೆ. “ಪುಟ್ಟೀ, ಬೆಂಗಳೂರಿನವರನ್ನ ಬೈಯೋದು ಬೇಡ. ಮಗುಚಿ ನಿಲ್ಲಿಸಿದ್ದು ನಾನು. ಎಣ್ಣೆ ಹಚ್ಚಿದ್ದೂ ನಾನೇ.”

ಅವಳು ತುಂಗೆಯ ಕಡೆ ನೋಡುತ್ತಿದ್ದವಳು ನನ್ನ ಕಡೆ ತಿರುಗಲಿಲ್ಲ.

“ಗೊತ್ತು ಅಜ್ಜಾ. ಹ್ಯಾಂಡಲ್ ಹಿಡಿಗೆ ಅಂಗಳದ ಸಗಣಿ ಮೆತ್ತಿಕೊಂಡಿತ್ತಲ್ಲ. ಸೀಟಿಗೂ.”

“ಮತ್ತೆ ಅಂಗಡೀಲಿ ಯಾಕೆ ಹೇಳ್ಲಿಲ್ಲ?”

“ನೀನು ಕ್ಯಾಲೆಂಡರ್ ನೋಡ್ತಾ ಇದ್ದೆ.”

ಮನೆಗೆ ಬಂದ ಮೇಲೆ ಹೊಸ ಪ್ಯಾಡು ಪಳಗಬೇಕೆಂದು ಅಂಗಳದಲ್ಲಿ ಇಪ್ಪತ್ತು ಸಲ ಓಡಿಸಿ ಮೆಲ್ಲಗೆ ಬ್ರೇಕು ಹಿಡಿದಳು, ಹುಡುಗ ಹೇಳಿಕೊಟ್ಟ ಹಾಗೆ. ಪ್ರತಿದಿನ ಹತ್ತುವ ಮೊದಲು ಎರಡೂ ಹಿಡಿ ಒತ್ತಿ, ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡುತ್ತಿದ್ದಳು. ಭಾನುವಾರ ನಾನು ಟಾರ್ಚು ಹಿಡಿಯುವುದು, ಅವಳು ಬಗ್ಗಿ ಪ್ಯಾಡು ನೋಡಿ ಹೇಳುವುದು. ಮತ್ತೊಮ್ಮೆ ಪಂಕ್ಚರ್ ಆದಾಗ ಸೈಕಲ್ಲನ್ನು ಮಾವಿನ ಮರದ ಕೊಂಬೆಗೆ ಹಗ್ಗದಲ್ಲಿ ನೆಟ್ಟಗೆ ನೇತುಹಾಕಿ ಪ್ಯಾಚು ಹಾಕಿದೆವು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಎಣ್ಣೆ ಬಟ್ಟೆಯನ್ನು ಮಾತ್ರ ಅವಳು ಬಚ್ಚಲುಮನೆಯ ಒಲೆಗೆ ಹಾಕಿಬಿಟ್ಟಿದ್ದಳು, ನನ್ನನ್ನು ಒಂದು ಮಾತೂ ಕೇಳದೆ.